ಸಹಾಯ ಬೇಕು: ಮಗಳಿಗೆ ಪಿಸಿಎಂಬಿಯೋ, ಪಿಸಿಎಂಸಿಯೋ?

ಎಲ್ಲರಿಗೂ ನಮಸ್ಕಾರ. ನಾವು ಬೇಲೂರು ಕಡೆಯವರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಹಾಸನದಲ್ಲಿ ಪಿಯುಸಿ ಸೈನ್ಸ್‌ಗೆ ಸೇರಿಸಬೇಕು. ಅರ್ಜಿ ಎಲ್ಲಾ ತುಂಬಿ ಆಯ್ತು. ಕಾಂಬಿನೇಷನ್ ಕಾಲಂನಲ್ಲಿ ಮಾತ್ರ ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಪೇಪರ್ ತೂತಾಗುವುದೊಂದು ಬಾಕಿ.

ಅವಳಿಗೆ ಇಂಜಿನಿಯರಿಂಗೇ ಬೇಕು. ಅದರ ಸಿಇಟಿ ರ‍್ಯಾಂಕ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ ಲೆಕ್ಕ. ಆ ಮೂರರ ಪಿಯುಸಿ ಅಂಕಕ್ಕೂ ಅರ್ಧ ಪಾಲಿದೆ. ಹಾಗಾಗಿ ತಕರಾರು ಇರುವುದು ನಾಲ್ಕನೇ ವಿಷಯದ್ದು: ಬಯಾಲಜಿಯೋ (ಪಿಸಿಎಂಬಿ), ಕಂಪ್ಯೂಟರ್ ಸೈನ್ಸೋ (ಪಿಸಿಎಂಸಿ) ಅಂತ. ನಮ್ಮ ಭಾವ, 'ಬಯಾಲಜಿ ಇರಲಿ, ನೀಟ್ ಬರೆಯಬಹುದು, ಹಾಸನದಲ್ಲೇ ಕೃಷಿ ಕಾಲೇಜು, ಪಶುವೈದ್ಯ ಕಾಲೇಜು ಎರಡೂ ಇವೆಯಲ್ಲ' ಅನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಇವಳಿಗೆ ಹೂವಿನ ಭಾಗ ಬಿಡಿಸಿ ಹೆಸರು ಬರೆ ಅಂದರೇ ಆಗಲ್ಲ. ಲೆಕ್ಕ ಕೊಟ್ಟರೆ ಊಟ ಮರೆಯುತ್ತಾಳೆ. ಸುಮ್ನೆ ಎರಡು ವರ್ಷ ಇಷ್ಟವಿಲ್ಲದ್ದನ್ನು ಯಾಕೆ ಹೊರಿಸಬೇಕು, ಅಲ್ವಾ?

ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ದಯವಿಟ್ಟು ಹೇಳಿ. ಹೈಸ್ಕೂಲ್‌ವರೆಗೆ ಕನ್ನಡ ಮೀಡಿಯಂ ಓದಿದವರಿಗೆ ಜಾಸ್ತಿ ಕಷ್ಟವಾಗುತ್ತದಾ? ಮುಂದೆ ಸಿವಿಲ್, ಮೆಕ್ಯಾನಿಕಲ್ ಸಿಕ್ಕರೂ ಆ ಪ್ರೋಗ್ರಾಮಿಂಗ್ ಉಪಯೋಗಕ್ಕೆ ಬರುತ್ತದಾ? ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಹಾಸನದ ಯಾವ ಕಾಲೇಜಿನಲ್ಲಿ ಚೆನ್ನಾಗಿದೆ? ಬೇಲೂರಿಂದ ದಿನಾ ಬಸ್ಸಲ್ಲಿ ಓಡಾಡಿಕೊಂಡು ಲ್ಯಾಬು, ಟ್ಯೂಷನ್ ಎಲ್ಲಾ ಆಗುತ್ತದಾ, ಇಲ್ಲಾ ಹಾಸ್ಟೆಲ್ಲೇ ವಾಸಿನಾ? ಈ ವಾರದೊಳಗೆ ಅರ್ಜಿ ಕೊಡಬೇಕು.