ಜಿಕ್ಲೌಡ್: ಒಂದು ಶಾಖೆಯ ಐಪಿ ಬದಲಿಸಿದರೆ ಉಳಿದ ಎರಡು ಶಾಖೆಗಳು ಹೊರಗೆ. ಫೈರ್‌ವಾಲ್ ರೂಲ್ ಅಪ್‌ಡೇಟ್ ಮಾಡುವ ಸರಿಯಾದ ಕ್ರಮ ಯಾವುದು?

ಕುಂಬಳೆ_ಕಡೆಯವ:

ಎಲ್ಲರಿಗೂ ನಮಸ್ಕಾರ. ಒಂದು ಅಡಿಕೆ ಖರೀದಿ ಸಂಘದ ಲೆಕ್ಕದ ಡೇಟಾಬೇಸ್ ಗೂಗಲ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ ಒಂದೇ ವಿಎಂ (ಬಾಡಿಗೆಯ ವರ್ಚುವಲ್ ಕಂಪ್ಯೂಟರ್) ಮೇಲೆ ಉಂಟು. ಪೋಸ್ಟ್‌ಗ್ರೆಸ್, ಪೋರ್ಟ್ 5432, ಡೀಫಾಲ್ಟ್ ನೆಟ್‌ವರ್ಕ್. ಕುಂಬಳೆ, ಬದಿಯಡ್ಕ, ಪೆರ್ಲ ಮೂರೂ ಕಡೆಯ ಕಂಪ್ಯೂಟರುಗಳು ನೇರ ಡೇಟಾಬೇಸಿಗೇ ಕನೆಕ್ಟ್ ಆಗುತ್ತವೆ. ಮೂರೂ ಮನೆ ಬಳಕೆಯ ಫೈಬರ್ ಲೈನು; ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ರೌಟರಿಗೆ ಹೊಸ ಐಪಿ.

ಯಾವ ಐಪಿಗಳು ಒಳಗೆ ಬರಬಹುದೆಂದು ಹೇಳುವ ಡಿಬಿ-ಶಾಖೆ ಎಂಬ ಒಂದೇ ರೂಲ್‌ನಲ್ಲಿ ಮೂರು ಐಪಿ ಇದ್ದವು. ಬದಿಯಡ್ಕದ್ದು ಬದಲಾಯಿತೆಂದು ಗೂಗಲ್ ಕ್ಲೌಡಿನ ಕಮಾಂಡ್ ಟೂಲ್ ಜಿಕ್ಲೌಡಿನಲ್ಲಿ ಹೀಗೆ ಕೊಟ್ಟೆ (ವಿಳಾಸಗಳನ್ನು ಬದಲಿಸಿ ಬರೆದಿದ್ದೇನೆ, ಕಮಾಂಡ್ ಕನ್ನಡದಲ್ಲಿ ಉಂಟು, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರ ಎಂದು ಓದಿಕೊಳ್ಳಿ):

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಅಪ್‌ಡೇಟ್ ಡಿಬಿ-ಶಾಖೆ --ಸೋರ್ಸ್-ರೇಂಜಸ್=203.0.113.45/32

ಬದಿಯಡ್ಕ ಸರಿಯಾಯಿತು, ಉಳಿದ ಎರಡೂ ಕಡೆ ಟೈಮ್‌ಔಟ್. ಅಪ್‌ಡೇಟ್ ಅಂದರೆ ಇರುವುದಕ್ಕೆ ಸೇರಿಸುವುದಲ್ಲವೋ?

ಇನ್ನೆರಡು ಸಂಶಯ. ಡೀಫಾಲ್ಟ್-ಅಲೋ-ಎಸ್‌ಎಸ್‌ಎಚ್ ರೂಲ್ (ದೂರದಿಂದ ವಿಎಂಗೆ ಲಾಗಿನ್ ಆಗುವ ದಾರಿ) 0.0.0.0/0ಗೆ, ಅಂದರೆ ಇಡೀ ಇಂಟರ್‌ನೆಟ್ಟಿಗೆ, ತೆರೆದೇ ಉಂಟು. ಅದನ್ನು ಅಲೋದಿಂದ ಡಿನೈಗೆ ತಿರುಗಿಸಲು ಅಪ್‌ಡೇಟ್‌ನಲ್ಲಿ ದಾರಿ ಕಾಣಲಿಲ್ಲ. ಮತ್ತೆ, ನಾನೇ ಹೊರಗೆ ಉಳಿಯದ ಹಾಗೆ ಅದನ್ನು ಮುಚ್ಚುವುದು ಹೇಗೆ?

ಅಡೂರು_ಟರ್ಮಿನಲ್:

ಸೇರಿಸುವುದಲ್ಲ ಮಾರಾಯ್ರೆ, ಪಟ್ಟಿಯನ್ನೇ ಬದಲಿಸುವುದು. ಅಪ್‌ಡೇಟ್‌ನಲ್ಲಿ ನೀವು ಹೆಸರೆತ್ತದ ಫ್ಲ್ಯಾಗ್‌ಗಳು ಇದ್ದ ಹಾಗೇ ಉಳಿಯುತ್ತವೆ, ಹೆಸರೆತ್ತಿದ್ದರ ಹಳೆಯ ಮೌಲ್ಯ ಪೂರ್ತಿ ಹೋಗುತ್ತದೆ. ಸೋರ್ಸ್-ರೇಂಜಸ್, ಸೋರ್ಸ್-ಟ್ಯಾಗ್ಸ್, ಟಾರ್ಗೆಟ್-ಟ್ಯಾಗ್ಸ್, ಅಲೋ ಎಲ್ಲದಕ್ಕೂ ಇದೇ ಲೆಕ್ಕ. --ಅಲೋ=ಟಿಸಿಪಿ:443 ಎಂದು ಕೊಟ್ಟರೆ ಮೊದಲಿದ್ದ ಟಿಸಿಪಿ:80 ಸದ್ದಿಲ್ಲದೆ ಹೋಗುತ್ತದೆ.

ಒಂದೇ ರೂಲ್ ಇಟ್ಟುಕೊಳ್ಳುವುದಾದರೆ ಈಗಿನ ಪಟ್ಟಿಯನ್ನು ಮೊದಲು ಓದಿ, ಪೂರ್ತಿ ಪಟ್ಟಿಯನ್ನೇ ಮರಳಿ ಕೊಡಬೇಕು:

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಡಿಸ್ಕ್ರೈಬ್ ಡಿಬಿ-ಶಾಖೆ --ಫಾರ್ಮ್ಯಾಟ್="ವ್ಯಾಲ್ಯೂ(ಸೋರ್ಸ್‌ರೇಂಜಸ್.ಲಿಸ್ಟ್())"

ಆ ಲಿಸ್ಟ್() ಬಿಟ್ಟುಬಿಡಬೇಡಿ. ಬರೀ ವ್ಯಾಲ್ಯೂ(ಸೋರ್ಸ್‌ರೇಂಜಸ್) ಅಂದರೆ ವಿಳಾಸಗಳ ನಡುವೆ ಅರ್ಧವಿರಾಮ ಬರುತ್ತದೆ; ಅದನ್ನೇ ಅಪ್‌ಡೇಟ್‌ಗೆ ಅಂಟಿಸಿದರೆ ತಗೊಳ್ಳುವುದಿಲ್ಲ, ಅದಕ್ಕೆ ಬೇಕಾದದ್ದು ಕಾಮಾ. ಕಾಮಾದ ನಂತರ ಜಾಗವನ್ನೂ ಬಿಡಬೇಡಿ, ಬಿಟ್ಟರೆ ಎರಡನೆಯ ಐಪಿಯನ್ನು ಗುರುತಿಲ್ಲದ ಆರ್ಗ್ಯುಮೆಂಟ್ ಎಂದು ಬೈಯುತ್ತದೆ. ವಿಂಡೋಸ್ ಪವರ್‌ಶೆಲ್‌ನಲ್ಲಾದರೆ ಇಡೀ ಪಟ್ಟಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಕಾಮಾ ಅಂದರೆ ಪವರ್‌ಶೆಲ್‌ಗೆ ಬೇರೆಯೇ ಅರ್ಥ.

ಆದರೆ ನಾನಾದರೆ ಒಂದೇ ರೂಲ್ ಇಡುವುದಿಲ್ಲ. ಶಾಖೆಗೊಂದು ರೂಲ್ ಮಾಡಿ: ಡಿಬಿ-ಕುಂಬಳೆ, ಡಿಬಿ-ಬದಿಯಡ್ಕ, ಡಿಬಿ-ಪೆರ್ಲ. ಮೂರಕ್ಕೂ ಅದೇ ಪೋರ್ಟ್, ಅದೇ ಟಾರ್ಗೆಟ್ ಟ್ಯಾಗ್ (ರೂಲ್ ಯಾವ ವಿಎಂಗೆ ಎಂದು ಹೇಳುವ ಗುರುತು), ಸೋರ್ಸ್ ಮಾತ್ರ ಬೇರೆ. ತೋಟಕ್ಕೆ ಮೂರು ತಡಮೆ ಇದ್ದ ಹಾಗೆ, ಒಂದನ್ನು ರಿಪೇರಿ ಮಾಡುವಾಗ ಇನ್ನೊಂದನ್ನು ಮುಟ್ಟಬೇಕಾಗಿಲ್ಲ. ಇಬ್ಬರು ಒಟ್ಟಿಗೆ ಕೂತು ಎರಡು ಶಾಖೆಯ ಐಪಿ ಬದಲಿಸಿದರೂ ಒಬ್ಬರದ್ದನ್ನು ಇನ್ನೊಬ್ಬರು ಅಳಿಸಿಹಾಕುವ ಪ್ರಮೇಯ ಇಲ್ಲ.

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಕ್ರಿಯೇಟ್ ಡಿಬಿ-ಪೆರ್ಲ --ನೆಟ್‌ವರ್ಕ್=ಡೀಫಾಲ್ಟ್ --ಡೈರೆಕ್ಷನ್=ಇನ್‌ಗ್ರೆಸ್ --ಆ್ಯಕ್ಷನ್=ಅಲೋ --ರೂಲ್ಸ್=ಟಿಸಿಪಿ:5432 --ಸೋರ್ಸ್-ರೇಂಜಸ್=198.51.100.20/32 --ಟಾರ್ಗೆಟ್-ಟ್ಯಾಗ್ಸ್=ಪಿಜಿ

ಟಾರ್ಗೆಟ್ ಟ್ಯಾಗ್ ಕೊಡದಿದ್ದರೆ ರೂಲ್ ಆ ನೆಟ್‌ವರ್ಕಿನ ಎಲ್ಲ ವಿಎಂಗಳಿಗೂ ತಾಗುತ್ತದೆ. ಕೊಟ್ಟು ಅಕ್ಷರ ತಪ್ಪಿದರೆ ಯಾವ ವಿಎಂಗೂ ತಾಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ವಿಎಂಗೆ ಟ್ಯಾಗ್ ಹಾಕುವುದು ಇನ್‌ಸ್ಟೆನ್ಸಸ್ ಆ್ಯಡ್-ಟ್ಯಾಗ್ಸ್ ಕಮಾಂಡಿನಿಂದ. ಅದು ಮಾತ್ರ ನಿಜವಾಗಿ ಸೇರಿಸುವುದೇ, ಹಳೆಯ ಟ್ಯಾಗ್ ಹೋಗುವುದಿಲ್ಲ.

ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ಪಟ್ಟಿ ಖಾಲಿ ಮಾಡಿದರೆ ರೂಲ್ ಮುಚ್ಚಿತು ಎಂದುಕೊಂಡು ಸೋರ್ಸ್-ರೇಂಜಸ್‌ಗೆ ಏನೂ ಕೊಡದೆ ಅಪ್‌ಡೇಟ್ ಮಾಡುವವರಿದ್ದಾರೆ. ಇನ್‌ಗ್ರೆಸ್ (ಒಳಬರುವ) ರೂಲ್‌ಗೆ ಯಾವ ಸೋರ್ಸೂ ಇಲ್ಲದಿದ್ದರೆ ಅದರ ಅರ್ಥ 0.0.0.0/0. ಮುಚ್ಚಲು ಹೋಗಿ ಊರಿಗೇ ತೆರೆದ ಹಾಗೆ.

ಅಕ್ಕಲಕೋಟ_ನೆಟ್:

ಎರಡನೇ ಪ್ರಶ್ನೆಗೆ ನಾ ಹೇಳತೀನ್ರಿ. ರೂಲ್ ಮಾಡಿದ ಮ್ಯಾಲೆ ಹೆಸರು, ನೆಟ್‌ವರ್ಕ್, ಡೈರೆಕ್ಷನ್, ಆ್ಯಕ್ಷನ್ ಈ ನಾಕು ಬದಲಾಗಂಗಿಲ್ಲ. ಅಲೋ ಇದ್ದದ್ದು ಡಿನೈ ಬೇಕಂದ್ರ ಹೊಸ ರೂಲೇ ಮಾಡಬೇಕು.

ಆದರ ನಿಮಗ ಡಿನೈ ಬೇಕಾಗೇ ಇಲ್ಲ. ಪ್ರತಿ ನೆಟ್‌ವರ್ಕಿನ ತಳದಾಗ ಒಳಬರೋ ಎಲ್ಲಾನೂ ತಡೆಯೋ ಕಾಣದ ರೂಲ್ ಒಂದು 65535 ಪ್ರಯಾರಿಟಿಗೆ ಇದ್ದೇ ಐತಿ. ಅಲೋ ತೆಗೆದ್ರ ಸಾಕು, ತಾನಾಗೇ ಮುಚ್ಚತದ. ಅಳಿಸೋದೂ ಬ್ಯಾಡ:

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಅಪ್‌ಡೇಟ್ ಡೀಫಾಲ್ಟ್-ಅಲೋ-ಎಸ್‌ಎಸ್‌ಎಚ್ --ಡಿಸೇಬಲ್ಡ್

ಕೈಕೊಟ್ಟರ --ನೋ-ಡಿಸೇಬಲ್ಡ್ ಅಂದ್ರ ಮತ್ತ ಜೀವ ಬರತದ. ಈ ಕಮಾಂಡ್ ನಿಮ್ಮ ಲ್ಯಾಪ್‌ಟಾಪಿನಿಂದಾನೋ ಕ್ಲೌಡ್ ಶೆಲ್‌ನಿಂದಾನೋ ಕೊಡ್ರಿ. ಇದು ಗೂಗಲ್‌ನ ಎಪಿಐಗೆ ಹೋಗೋದು, ವಿಎಂಗೆ ಅಲ್ಲ. ಹಂಗಾಗಿ ಎಸ್‌ಎಸ್‌ಎಚ್ ಪೂರ್ತಿ ಮುಚ್ಚಿದರೂ ರೂಲ್ ತಿರುಗಿ ತೆರೀಲಿಕ್ಕೆ ದಾರಿ ಇದ್ದೇ ಇರತದ. ಮನಿಯೊಳಗ ಕೀಲಿ ಬಿಟ್ಟು ಬಾಗಿಲಾ ಹಾಕಿಕೊಂಡಂಗ ಆಗಂಗಿಲ್ಲ.

ಮುಚ್ಚೋಕಿಂತ ಮೊದಲ ಬ್ಯಾರೆ ದಾರಿ ತೆರೀರಿ. ಗೂಗಲ್‌ನ ಐಎಪಿ (ಖಾತೆ ನೋಡಿ ಒಳಗ ಬಿಡೋ ನಡುವಿನ ಸೇವೆ) ಮೂಲಕ ಬಂದ್ರ ಎಸ್‌ಎಸ್‌ಎಚ್ ಎಲ್ಲಾ 35.235.240.0/20ರಿಂದ ಬರತದ, ನಿಮ್ಮ ಮನಿ ಐಪಿ ಎಷ್ಟ ಸಲ ಬದಲಾದ್ರೂ ಚಿಂತಿಲ್ಲ:

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಕ್ರಿಯೇಟ್ ಐಎಪಿ-ಎಸ್‌ಎಸ್‌ಎಚ್ --ನೆಟ್‌ವರ್ಕ್=ಡೀಫಾಲ್ಟ್ --ಡೈರೆಕ್ಷನ್=ಇನ್‌ಗ್ರೆಸ್ --ಆ್ಯಕ್ಷನ್=ಅಲೋ --ರೂಲ್ಸ್=ಟಿಸಿಪಿ:22 --ಸೋರ್ಸ್-ರೇಂಜಸ್=35.235.240.0/20

ಜಿಕ್ಲೌಡ್ ಕಂಪ್ಯೂಟ್ ಎಸ್‌ಎಸ್‌ಎಚ್ ವಿಎಂ-ಹೆಸರು --ಜೋನ್=ಏಷ್ಯಾ-ಸೌತ್1-ಎ --ಟನಲ್-ಥ್ರೂ-ಐಎಪಿ

ಖಾತೆಗೆ ಐಎಪಿ ಟನಲ್ ಬಳಸೋ ರೋಲ್ ಬೇಕು. ಫೈರ್‌ವಾಲ್ ತಿದ್ದಲಿಕ್ಕೆ ಕಂಪ್ಯೂಟ್ ಸೆಕ್ಯುರಿಟಿ ಅಡ್ಮಿನ್ ರೋಲ್ ಸಾಕು. ಡಿಸೇಬಲ್ ಮಾಡಿದ ಮ್ಯಾಲೆ ಹಳೇ ಸೆಶನ್ ನಡ್ಯಾಕತ್ತದ ಅಂತ ನಂಬಿ ಕೂಡಬ್ಯಾಡ್ರಿ. ಹೊಸ ಟರ್ಮಿನಲ್ ತೆಗೆದು ಹೊಸದಾಗಿ ಲಾಗಿನ್ ಆಗಿ ನೋಡ್ರಿ, ಆಮ್ಯಾಲೆ ಹಳೇದು ಮುಚ್ಚರಿ.

ಇಷ್ಟಾದ್ರೂ ಡಿನೈ ಬೇಕೇ ಬೇಕು ಅನ್ನಾವ್ರಿಗೆ: ಸಣ್ಣ ಸಂಖ್ಯೆ ಮೊದಲ ಕೆಲಸ ಮಾಡತದ. ಪ್ರಯಾರಿಟಿ ಕೊಡದಿದ್ರ 1000. ಅಲೋ, ಡಿನೈ ಎರಡೂ 1000ಕ್ಕ ಇದ್ರ ಡಿನೈ ಗೆಲ್ಲತದ. ಹಂಗಾಗಿ ಡಿನೈ 900 ಇಟ್ರ ಐಎಪಿ ಅಲೋ 800ಕ್ಕ ಇಡ್ರಿ.

ಕುಂಬಳೆ_ಕಡೆಯವ:

ಇಬ್ಬರಿಗೂ ಉಪಕಾರ. ಮೂರು ರೂಲ್ ಮಾಡಿದೆ, ಎರಡು ಶಾಖೆ ಸರಿ ಉಂಟು. ಪೆರ್ಲ ಮಾತ್ರ ಈಗಲೂ ಟೈಮ್‌ಔಟ್. ಅಲ್ಲಿಯ ರೌಟರ್ ಪುಟದಲ್ಲಿ ವ್ಯಾನ್ ಐಪಿ 100.72.15.8 ಅಂತ ಕಾಣುತ್ತದೆ. ಅದನ್ನೇ /32 ಹಾಕಿ ಕೊಟ್ಟದ್ದು.

ಅಡೂರು_ಟರ್ಮಿನಲ್:

ಅಲ್ಲೇ ತಪ್ಪಿದ್ದು. 100.64.0.0/10, ಅಂದರೆ 100.64ರಿಂದ 100.127ರವರೆಗಿನ ವಿಳಾಸ, ಇಂಟರ್‌ನೆಟ್ ಕಂಪನಿಯ ಒಳಗಿನದ್ದು. ಅದು ಹೊರಗೆ ಬರುವುದೇ ಇಲ್ಲ. ಕಂಪನಿಯ ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ಏರ್ಪಾಡು) ದಾಟಿದ ಮೇಲೆ ಹಲವು ಮನೆಗಳಿಗೆ ಒಂದೇ ಹೊರಗಿನ ಐಪಿ. ಗೂಗಲ್‌ಗೆ ಕಾಣುವುದು ಅದು.

ಪೆರ್ಲದ ಕಂಪ್ಯೂಟರಿನಲ್ಲಿ ಕರ್ಲ್ -4 ಇಫ್‌ಕಾನ್ಫಿಗ್.ಮಿ ಎಂದು ಕೊಟ್ಟರೆ ಆ ಐಪಿ ಸಿಗುತ್ತದೆ. -4 ಇರಲಿ, ಇಲ್ಲದಿದ್ದರೆ ಕೆಲವು ಲೈನುಗಳಲ್ಲಿ ಐಪಿವಿ6 ವಿಳಾಸ ಬರುತ್ತದೆ. ಒಂದೇ ರೂಲ್‌ನಲ್ಲಿ ಐಪಿವಿ4 ಮತ್ತು ಐಪಿವಿ6 ಬೆರೆಸಲು ಆಗುವುದಿಲ್ಲ. ಆದರೆ ಆ ಹೊರಗಿನ ಐಪಿಯನ್ನು ಸೇರಿಸಿದರೆ ಅದೇ ನ್ಯಾಟ್ ಹಿಂದಿನ ಎಲ್ಲ ಮನೆಗಳಿಗೂ 5432 ತೆರೆದ ಹಾಗಾಯಿತು. ಡೇಟಾಬೇಸಿಗೆ ಇದು ಬೇಡ.

ಇನ್ನು ಮುಂದೆ ಕನೆಕ್ಟ್ ಆಗದಿದ್ದರೆ ಎಂತ ಎರರ್ ಎಂದು ನೋಡಿ. ಎನ್‌ಸಿ -ವಿಜೆಡ್ -ಡಬ್ಲ್ಯೂ 5 ವಿಳಾಸ 5432 ಎಂದು ಕೊಟ್ಟಾಗ ಐದು ಸೆಕೆಂಡು ಸುಮ್ಮನಿದ್ದು ಟೈಮ್‌ಔಟ್ ಅಂದರೆ ಹೆಚ್ಚಾಗಿ ಫೈರ್‌ವಾಲ್: ಗೂಗಲ್‌ನ ಫೈರ್‌ವಾಲ್ ಪ್ಯಾಕೆಟನ್ನು ಸದ್ದಿಲ್ಲದೆ ಬೀಳಿಸುತ್ತದೆ. ಕೂಡಲೇ ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಪ್ಯಾಕೆಟ್ ವಿಎಂವರೆಗೆ ಹೋಗಿದೆ, ಪೋಸ್ಟ್‌ಗ್ರೆಸ್ ಆ ವಿಳಾಸದಲ್ಲಿ ಕೇಳುತ್ತಿಲ್ಲ, ಲಿಸನ್_ಅಡ್ರೆಸಸ್ ನೋಡಿ. ಕನೆಕ್ಟ್ ಆಗಿ ಪಿಜಿ_ಎಚ್‌ಬಿಎ ಎಂಟ್ರಿ ಇಲ್ಲ ಎಂದರೆ ಫೈರ್‌ವಾಲಿನ ಕೆಲಸ ಮುಗಿದಿದೆ, ತಿದ್ದಬೇಕಾದದ್ದು ಯಾರನ್ನು ಒಳಗೆ ಬಿಡಬೇಕೆಂದು ಪೋಸ್ಟ್‌ಗ್ರೆಸ್ ನೋಡುವ ಪಿಜಿ_ಎಚ್‌ಬಿಎ.ಕಾನ್ಫ್ ಫೈಲು.

ತಾಳವಾಡಿ_ರೂಟ್:

ಐಪಿ ಹಿಂದೆ ಓಡೋದನ್ನೇ ಬಿಟ್ಟುಬಿಡಿ ಅನ್ನೋದು ನನ್ನ ಅಭಿಪ್ರಾಯ. ವಿಎಂ ಮೇಲೆ ವೈರ್‌ಗಾರ್ಡ್ (ಕೀ ಇದ್ದವರಿಗೆ ಮಾತ್ರ ಗುಪ್ತ ಟನಲ್ ಕೊಡೋ ವಿಪಿಎನ್) ಹಾಕಿದರೆ 5432ಕ್ಕೆ ಹೊರಗಿನಿಂದ ಒಂದು ರೂಲೂ ಬೇಡ. ಬೇಕಾದ್ದು ಇಷ್ಟೇ:

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಕ್ರಿಯೇಟ್ ವೈರ್‌ಗಾರ್ಡ್ --ನೆಟ್‌ವರ್ಕ್=ಡೀಫಾಲ್ಟ್ --ಡೈರೆಕ್ಷನ್=ಇನ್‌ಗ್ರೆಸ್ --ಆ್ಯಕ್ಷನ್=ಅಲೋ --ರೂಲ್ಸ್=ಯುಡಿಪಿ:51820 --ಸೋರ್ಸ್-ರೇಂಜಸ್=0.0.0.0/0 --ಟಾರ್ಗೆಟ್-ಟ್ಯಾಗ್ಸ್=ಪಿಜಿ

0.0.0.0/0 ನೋಡಿ ಗಾಬರಿಯಾಗಬೇಡಿ. ಸರಿಯಾದ ಕೀ ಇಲ್ಲದ ಪ್ಯಾಕೆಟ್‌ಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡೋದಿಲ್ಲ. ಕನೆಕ್ಷನ್ ಶುರು ಮಾಡೋದು ಶಾಖೆ ಕಡೆಯಿಂದ, ಆದ್ದರಿಂದ ಪೆರ್ಲದ ನ್ಯಾಟ್ ಅಡ್ಡ ಬರೋದಿಲ್ಲ. ಶಾಖೆಯ ಕಾನ್ಫಿಗ್‌ನಲ್ಲಿ ಪರ್ಸಿಸ್ಟೆಂಟ್‌ಕೀಪ್‌ಅಲೈವ್ = 25 ಇರಲಿ, 25 ಸೆಕೆಂಡಿಗೊಮ್ಮೆ ಪ್ಯಾಕೆಟ್ ಹೋಗಿ ನ್ಯಾಟ್‌ನ ದಾರಿ ತೆರೆದೇ ಇರುತ್ತೆ.

ಟನಲ್‌ಗೆ 10.66.0.0/24 ಥರದ್ದು ಇಟ್ಟುಕೊಳ್ಳಿ. ಡೀಫಾಲ್ಟ್ ನೆಟ್‌ವರ್ಕಿನ ಸಬ್‌ನೆಟ್‌ಗಳು 10.128.0.0/9 ಒಳಗೆ ಇರುತ್ತವೆ, ಅದಕ್ಕೆ ಡಿಕ್ಕಿ ಹೊಡೆಯೋದಿಲ್ಲ. ವಿಎಂ ಬೂಟ್ ಆಗುವಾಗ ಇನ್ನೊಂದು ತೊಡಕು ಬರುತ್ತೆ: ಲಿಸನ್_ಅಡ್ರೆಸಸ್‌ನಲ್ಲಿ ಬೇರೆ ವಿಳಾಸಗಳ ಜೊತೆ 10.66.0.1 ಬರೆದು, ವೈರ್‌ಗಾರ್ಡ್ ಏಳೋ ಮೊದಲೇ ಪೋಸ್ಟ್‌ಗ್ರೆಸ್ ಎದ್ದರೆ ಆ ವಿಳಾಸ ಸಿಗದೆ ಅದನ್ನು ಬಿಟ್ಟು ಮುಂದೆ ಹೋಗುತ್ತೆ. ಲಾಗ್‌ನಲ್ಲಿ ಒಂದು ಸಾಲು ಬಿಟ್ಟರೆ ಬೇರೆ ಸುಳಿವಿಲ್ಲ. ಸಿಸ್ಟಮ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸ್‌ಗೆ ಡಬ್ಲ್ಯೂಜಿ-ಕ್ವಿಕ್ ಆದ ಮೇಲೆ ಅಂತ ಆಫ್ಟರ್ ಸಾಲು ಹಾಕಿ.

ವಿಎಂನ ಹೊರಗಿನ ಐಪಿಯನ್ನು ಸ್ಟ್ಯಾಟಿಕ್ ಮಾಡಿಲ್ಲದಿದ್ದರೆ ಈಗಲೇ ಮಾಡಿ. ಇಲ್ಲದಿದ್ದರೆ ವಿಎಂ ನಿಲ್ಲಿಸಿ ಶುರು ಮಾಡಿದಾಗ ಅದೇ ಬದಲಾಗಬಹುದು, ಮೂರೂ ಶಾಖೆಯ ಕಾನ್ಫಿಗ್ ಒಟ್ಟಿಗೆ ತಿದ್ದಬೇಕಾಗುತ್ತೆ.

ಸದ್ಯಕ್ಕೆ ನೇರ 5432ರಲ್ಲೇ ಇರ್ತೀರಿ ಅಂದ್ರೆ ಒಂದು ಮಾತು. ಗೂಗಲ್‌ನ ಫೈರ್‌ವಾಲ್ 10 ನಿಮಿಷ ಒಂದು ಪ್ಯಾಕೆಟ್ಟೂ ಓಡದ ಟಿಸಿಪಿ ಕನೆಕ್ಷನ್ನನ್ನು ಮರೆತುಬಿಡುತ್ತೆ. ಲಿನಕ್ಸ್‌ನ ಕೀಪ್‌ಅಲೈವ್ (ಕೆಲಸವಿಲ್ಲದಾಗಲೂ ಕನೆಕ್ಷನ್ ಜೀವಂತ ಇಡೋ ಪ್ಯಾಕೆಟ್) ಶುರುವಾಗೋದೇ 7200 ಸೆಕೆಂಡಿಗೆ. ಊಟಕ್ಕೆ ಹೋಗಿ ಬಂದು ಬಟನ್ ಒತ್ತಿದರೆ ಪ್ರೋಗ್ರಾಮ್ ನೇತಾಡೋದು ಇದರಿಂದಲೇ ಇರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ = 300 ಮಾಡಿ.

ಕುಂಬಳೆ_ಕಡೆಯವ:

ಊಟದ ಹೊತ್ತಿನ ಆ ತೊಂದರೆ ಇಲ್ಲಿಯೂ ಉಂಟು, ಸಾಫ್ಟ್‌ವೇರಿನದ್ದೇ ದೋಷ ಎಂದುಕೊಂಡಿದ್ದೆವು. ವೈರ್‌ಗಾರ್ಡ್ ಹಾಕುತ್ತೇನೆ. ಬದಲಿಸುವಾಗ ಶಾಖೆಗಳ ಕೆಲಸ ನಿಲ್ಲದ ಹಾಗೆ ಯಾವ ಕ್ರಮದಲ್ಲಿ ಹೋಗುವುದು?

ಅಡೂರು_ಟರ್ಮಿನಲ್:

ಮೊದಲು ಈಗಿನದ್ದನ್ನು ಫೈಲಿಗೆ ಇಳಿಸಿ:

ಜಿಕ್ಲೌಡ್ ಕಂಪ್ಯೂಟ್ ಫೈರ್‌ವಾಲ್-ರೂಲ್ಸ್ ಲಿಸ್ಟ್ --ಫಾರ್ಮ್ಯಾಟ್=ಜೇಸನ್ > ಹಳೆಯದು.ಜೇಸನ್

ಜೇಸನ್ ಎಂದೇ ಕೇಳಿ, ಬರೀ ಲಿಸ್ಟ್‌ನ ಕೋಷ್ಟಕದಲ್ಲಿ ಎಲ್ಲ ಕಾಲಂ ಬರುವುದಿಲ್ಲ. ಪ್ರಾಜೆಕ್ಟ್ ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿ ಕಮಾಂಡಿಗೂ --ಪ್ರಾಜೆಕ್ಟ್ ಸೇರಿಸಿ. ಆಮೇಲೆ ವೈರ್‌ಗಾರ್ಡ್ ರೂಲ್, ಒಂದು ಶಾಖೆಯ ಟನಲ್, 10.66.0.1ಕ್ಕೆ ಕನೆಕ್ಟ್ ಆಗುತ್ತದೋ ಎಂಬ ಪರೀಕ್ಷೆ. ಸರಿಯಾದರೆ ಆ ಶಾಖೆಯ ಡಿಬಿ ರೂಲ್ ಒಂದನ್ನೇ --ಡಿಸೇಬಲ್ಡ್ ಮಾಡಿ, ಮುಂದಿನ ಶಾಖೆಗೆ ಹೋಗಿ. ಪೆರ್ಲದಿಂದಲೇ ಶುರು ಮಾಡಿ, ಅಲ್ಲಿ ಹೇಗೂ ಕೆಲಸ ನಿಂತಿದೆ.

ಯಾರಾದರೂ ಹಳೆಯ ದಾರಿಯಲ್ಲೇ ಬರುತ್ತಿದ್ದಾರೋ ಎಂದು ತಿಳಿಯಲು 5432ಕ್ಕೆ 65535 ಪ್ರಯಾರಿಟಿಯ ಡಿನೈ ರೂಲ್ ಒಂದು ಮಾಡಿ --ಎನೇಬಲ್-ಲಾಗಿಂಗ್ ಕೊಡಿ. ತಳದ ಕಾಣದ ರೂಲ್ ಲಾಗ್ ಬರೆಯುವುದಿಲ್ಲ, ಅದಕ್ಕೆ ಇದು. 65534 ಹಾಕಬೇಡಿ: ಡೀಫಾಲ್ಟ್-ಅಲೋ-ಇಂಟರ್ನಲ್ ಕೂಡ ಅದೇ ಸಂಖ್ಯೆಯಲ್ಲಿ ಇರುವುದರಿಂದ ಡಿನೈ ಗೆದ್ದು, ನೆಟ್‌ವರ್ಕಿನ ಒಳಗಿನ ವಿಎಂಗಳಿಗೂ 5432 ಸಿಗದೆ ಹೋಗುತ್ತದೆ. ಒಂದು ವಾರ ಲಾಗ್‌ನಲ್ಲಿ ಶಾಖೆಗಳ ಐಪಿ ಕಾಣದಿದ್ದರೆ ಡಿಸೇಬಲ್ ಮಾಡಿದ ಮೂರನ್ನೂ ಅಳಿಸಿ. ಊರೂರಿನ ಬಾಟ್‌ಗಳು ಮಾತ್ರ ಅದರಲ್ಲಿ ಕಾಣುತ್ತಲೇ ಇರುತ್ತವೆ. ನೋಡಿ ಮುಗಿದ ಮೇಲೆ --ನೋ-ಎನೇಬಲ್-ಲಾಗಿಂಗ್ ಕೊಟ್ಟುಬಿಡಿ, ಲಾಗಿಗೂ ಬಿಲ್ ಬರುತ್ತದೆ.