ಗೊಬ್ಬರ ಯಾರಾದರೂ ಸುಡುತ್ತಾರಾ?

ನಮ್ಮ ಮನೆಯವರ ವಾಟ್ಸಾಪ್ ಗುಂಪು. ಭಾನುವಾರ ಬೆಳಗ್ಗೆ, ಗುಲಾಬಿ ಹೂವಿನ ಶುಭೋದಯಗಳೆಲ್ಲ ಮುಗಿದ ಮೇಲೆ.

ರಮೇಶ ಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಿಮಗೆ ಗೊತ್ತೇ? ಬಳ್ಳಾರಿಯಲ್ಲಿ ಜ್ವಾಲಾಮುಖಿ ಇತ್ತು!! ಕುಡತಿನಿಯ ಬೂದಿಗುಡ್ಡವೇ ಸಾಕ್ಷಿ. ಶಿಲಾಯುಗದ ಜನ ಬೆಂಕಿಗೆ ಹೆದರಿ ಊರು ಬಿಟ್ಟರು. ಹತ್ತು ಜನಕ್ಕೆ ಕಳಿಸಿ.

ನಾನು: ಮಾವ, ಅದು ಜ್ವಾಲಾಮುಖಿ ಅಲ್ಲ, ಸಗಣಿ ಬೂದಿ. ಹೊಸಪೇಟೆ ಕಡೆ ಹೋಗುವಾಗೆಲ್ಲ ನೋಡುತ್ತೇನೆ.

ರಮೇಶ ಮಾವ: ಸಗಣಿನಾ? ಒಂದು ಗುಡ್ಡದಷ್ಟು? ಅದರಲ್ಲಿ ಗಾಜಿನ ಹಾಗೆ ಕರಗಿ ಗಟ್ಟಿಯಾದ ತುಂಡುಗಳಿವೆ. ನಾನೇ ಕೈಯಲ್ಲಿ ಹಿಡಿದಿದ್ದೇನೆ. ಬೆರಣಿ ಸುಟ್ಟರೆ ಹಾಗೆ ಆಗುತ್ತಾ?

ಅಮ್ಮ: ಹಂಪಿ ಹತ್ತಿರ ನಿಂಬಾಪುರದಲ್ಲೂ ಒಂದು ಇದೆಯಲ್ಲ. ವಾಲಿಯನ್ನು ಸುಟ್ಟ ಬೂದಿ ಅಂತ ಗೈಡ್ ಹೇಳಿದ್ದ.

ನಾನು: ಅದೂ ಅದೇ ಜಾತಿಯದು ಅಮ್ಮ. ಬಳ್ಳಾರಿ, ರಾಯಚೂರು, ಸುರಪುರ, ಆಂಧ್ರ, ತೆಲಂಗಾಣ ಎಲ್ಲ ಸೇರಿ ಇಂಥ ಗುಡ್ಡ ನೂರಕ್ಕೂ ಜಾಸ್ತಿ ಇವೆ. ಮಾವನ ಅನುಮಾನ ಹಳೆಯದೇ. ಮೊದಲು ನೋಡಿದವರೂ ಏನೇನೋ ಅಂದುಕೊಂಡಿದ್ದರು. ಇದು ದನದ ಸಗಣಿ ಎಂದು 19ನೇ ಶತಮಾನದಲ್ಲೇ ಹೇಳಿದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆಮೇಲೆ 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ತೆಲಂಗಾಣದ ಉಟ್ನೂರಿನಲ್ಲಿ ಅಗೆದರು. ಬೂದಿಯ ಪದರಗಳ ಮಧ್ಯೆ ದನದ ಗೊರಸಿನ ಗುರುತು ಸಿಕ್ಕಿತು! ಸುತ್ತ ಬೇಲಿ ಕಂಬ ನೆಟ್ಟ ಕುಳಿಗಳೂ ಸಿಕ್ಕವು. ದೊಡ್ಡಿ ಅದು. ದನ ಕೂಡುವುದು, ಸಗಣಿ ಪೇರಿಸುವುದು, ಸುಡುವುದು. ಮತ್ತೆ ಕೂಡುವುದು. ತಲೆಮಾರುಗಟ್ಟಲೆ ಇದೇ.

ರಮೇಶ ಮಾವ: ಜ್ವಾಲಾಮುಖಿಗೆ ಗೊರಸು ಇರಲ್ಲ ಬಿಡು. ಒಪ್ಪಿದೆ. ಅರ್ಧ.

ದೊಡ್ಡಮ್ಮ: ಒಂದು ಮಾತು. ಗೊಬ್ಬರ ಯಾರಾದರೂ ಸುಡುತ್ತಾರಾ? ನಾಲ್ಕು ಹಸು ಕಟ್ಟಿದ್ದೇನೆ, ಒಂದು ಮಂಕರಿ ಗೊಬ್ಬರಕ್ಕೆ ಪಕ್ಕದ ಮನೆಯವನು ಜಗಳಕ್ಕೆ ಬರುತ್ತಾನೆ. ಅವರಿಗೆ ಬುದ್ಧಿ ಇರಲಿಲ್ಲವಾ?

ಪಲ್ಲವಿ ಅಕ್ಕ (ದೊಡ್ಡಮ್ಮನ ಮಗಳು): ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ತಿಳಿದವರೂ ಇದಕ್ಕೇ ಜಗಳ ಆಡುತ್ತಿದ್ದಾರೆ.

ನಾನು: ಹೌದು. ಆಲ್ಚಿನ್ ಹೇಳಿದ್ದು, ವರ್ಷದ ಹಬ್ಬಕ್ಕೆ ಬೆಂಕಿ ಹಾಕುತ್ತಿದ್ದರು ಅಂತ. ನಮ್ಮ ಸಂಕ್ರಾಂತಿ ಕಿಚ್ಚು ಹಾಯಿಸುತ್ತೇವಲ್ಲ, ಅಂಥದ್ದಕ್ಕೇ ಹೋಲಿಸಿದ್ದರು. ಸುರಪುರದ ಕಡೆಯ ಬೂದಿಹಾಳದಲ್ಲಿ ಅಗೆದ ಪುರಾತತ್ವಜ್ಞ ಕೆ. ಪದ್ದಯ್ಯ ಅವರಿಗೆ ಕಂಡದ್ದು ಪೂರ್ತಿ ಒಂದು ಹಳ್ಳಿ. ದೊಡ್ಡಿಯ ಪಕ್ಕದಲ್ಲೇ ಮನೆ, ಕಲ್ಲಿನ ಆಯುಧ ಮಾಡುವ ಜಾಗ, ದನ ಕಡಿದು ಮಾಂಸ ಹಂಚಿದ ಜಾಗ.

ದೊಡ್ಡಮ್ಮ: ದನ ಕಡಿದ?

ರಮೇಶ ಮಾವ: ಅಕ್ಕ, ಈ ವಿಷಯ ಈ ಗುಂಪಿನಲ್ಲಿ ಬೇಡ.

ದೊಡ್ಡಮ್ಮ: ನೀನು ಸುಮ್ನೆ ಇರು ರಮೇಶ. ಹಸಿದವರು ತಿಂದರು. ಕಿಚ್ಚಿನ ಮಾತು ಕೇಳಿ. ಸಣ್ಣವಳಿದ್ದಾಗ ನಮ್ಮಪ್ಪ ಎತ್ತಿನ ಕೊಂಬಿಗೆ ಬಣ್ಣ ಬಳಿದು, ಹುಲ್ಲಿಗೆ ಬೆಂಕಿ ಹಚ್ಚಿ ಹಾಯಿಸುತ್ತಿದ್ದರು. ಯಾಕಪ್ಪ ಅಂದರೆ ಉಣ್ಣೆ ಹುಳ, ನೊಣ ಉದುರಲಿ ಅನ್ನುತ್ತಿದ್ದರು. ದೇವರ ಮಾತು ಅಜ್ಜಿ ಆಡುತ್ತಿದ್ದಳು, ಉಣ್ಣೆ ಮಾತು ಅಪ್ಪ. ಎರಡೂ ಒಂದೇ ಬೆಂಕಿ. ಹಬ್ಬಕ್ಕಾ, ರೋಗಕ್ಕಾ ಅಂತ ಬೇರೆ ಮಾಡಕ್ಕಾಗಲ್ಲ. ಇನ್ನು ಗಾಜಿನ ವಿಷಯ. ಒಣ ತಿಪ್ಪೆಗೆ ಕಿಡಿ ಬಿದ್ದರೆ ಒಳಗೊಳಗೇ ದಿನಗಟ್ಟಲೆ ಬೇಯುತ್ತದೆ. ನೋಡಿದ್ದೇನೆ. ನಮ್ಮದು ಆಳೆತ್ತರದ ತಿಪ್ಪೆ. ಗುಡ್ಡದಷ್ಟಿದ್ದರೆ ಕಲ್ಲೂ ಕರಗೀತು.

ಪಲ್ಲವಿ ಅಕ್ಕ: ಅಮ್ಮನಿಗೆ ಪಿಎಚ್‌ಡಿ ಕೊಡಿ.

ಅಮ್ಮ: ಮಾಂಸ ಒಂದೇ ತಿನ್ನುತ್ತಿದ್ದರಾ?

ನಾನು: ಇಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸುಟ್ಟು ಕರಿಯಾದ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ ಎಂಬ ಸಿರಿಧಾನ್ಯ. 4000 ವರ್ಷದ ಹಿಂದಿನವು. ಬಂಡೆಯ ಮೇಲೆ ಕಾಳು ಅರೆದ ಹಳ್ಳ, ಕೊಡಲಿ ಮಸೆದ ಗೀರು ಇವತ್ತಿಗೂ ಕಾಣುತ್ತವೆ.

ದೊಡ್ಡಮ್ಮ: ರಾಗಿ?

ನಾನು: ಇರಲಿಲ್ಲ. ಅದು ಆಫ್ರಿಕಾದಿಂದ ಆಮೇಲೆ ಬಂದದ್ದು.

ದೊಡ್ಡಮ್ಮ: ಮಂಡ್ಯದಲ್ಲಿ ಕೂತವಳಿಗೆ ಇದನ್ನು ಹೇಳುತ್ತೀಯಾ? ಮುದ್ದೆ ಇಲ್ಲದ ಜನ!

ರಮೇಶ ಮಾವ: ಹುರುಳಿ ಸಾರು ಇತ್ತು, ಮುದ್ದೆ ಇರಲಿಲ್ಲ. ಅದಕ್ಕೇ ಊರು ಬಿಟ್ಟಿರಬೇಕು.

ಪಲ್ಲವಿ ಅಕ್ಕ: ಊರು ಬಿಡಲಿಲ್ಲ ಮಾವ, ಬದುಕು ಬದಲಾಯಿಸಿದರು. ಬೆಟ್ಟದ ಮೇಲೆ ಮನೆ ಕಟ್ಟಿ ನೆಲೆ ನಿಂತರು, ಬೇಸಾಯ ಬೆಳೆಯಿತು, ಹೊಸ ಬೂದಿಗುಡ್ಡ ಏಳುವುದು ನಿಂತಿತು. ಆಮೇಲೆ ಕಬ್ಬಿಣ ಬಂತು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಕಲ್ಲುಚಪ್ಪಡಿಯ ಮನೆಗಳಿವೆಯಲ್ಲ, ಮೋರಿಯರ ಮನೆ ಅನ್ನುತ್ತಾರೆ, ಅವೆಲ್ಲ ಆ ಕಾಲದವು.

ದೊಡ್ಡಮ್ಮ: ನೋಡಿದೆಯಾ, ನಾನು ಹೇಳಿದ್ದೇ ಬಂತು. ಹೊಲ ಜಾಸ್ತಿ ಆದ ಮೇಲೆ ಸಗಣಿ ಸುಡಲು ಮನಸ್ಸು ಬಂದಿರಲ್ಲ.

ನಾನು: ಹಾಗಂತ ಸಾಬೀತಾಗಿಲ್ಲ ದೊಡ್ಡಮ್ಮ.

ದೊಡ್ಡಮ್ಮ: ಸಾಬೀತು ನಿಮಗೆ ಬೇಕು. ನನಗೆ ಹಸು ಗೊತ್ತು.

ರಮೇಶ ಮಾವ: ಈಗ ಆ ಗುಡ್ಡಗಳು ಚೆನ್ನಾಗಿವೆಯಾ? ಮೊಮ್ಮಗನಿಗೆ ತೋರಿಸಬೇಕು.

ನಾನು: ಕೆಲವು ಇವೆ. ಎಷ್ಟೋ ಕರಗಿವೆ. ಸುತ್ತಲಿನವರು ಬೂದಿ ಅಗೆದು ಗಾಡಿಗೆ ತುಂಬಿ ಹೊಲಕ್ಕೆ ಹಾಕಿಕೊಂಡರು.

ದೊಡ್ಡಮ್ಮ: ಅಂತೂ ಹೊಲಕ್ಕೆ ಹೋಯಿತಲ್ಲ!