ತಾರಸಿ, ಹೊರಗೋಡೆ, ಬಣ್ಣ, ಪಾರ್ಕಿಂಗ್, ಗೇಟು: ಎಲ್ಲ ಒಬ್ಬರಿಗೇ ಕೊಡುವುದಾ?

ಪ್ರಶ್ನೆ (ಮೈಸೂರು_30x40)
ನೆಲಮಹಡಿ ಮತ್ತು ಮೇಲೊಂದು ಮಹಡಿ, ಹದಿನೈದು ವರ್ಷದ ಮನೆ. ತಾರಸಿ ವಾಟರ್‌ಪ್ರೂಫಿಂಗ್, ಹೊರಗೋಡೆಯ ಬಿರುಕು, ಪೇಂಟಿಂಗ್, ಪಾರ್ಕಿಂಗ್ ಟೈಲ್ಸ್, ಹೊಸ ಗೇಟು ಮಾಡಿಸಬೇಕು. ಒಬ್ಬ ಕಾಂಟ್ರ್ಯಾಕ್ಟರ್ ಎಲ್ಲಕ್ಕೂ ಸೇರಿಸಿ ಒಂದೇ ಮೊತ್ತ ಹೇಳಿ 40% ಮುಂಗಡ ಕೇಳುತ್ತಿದ್ದಾರೆ. ಬೇರೆ ಬೇರೆಯವರಿಗೆ ಕೊಟ್ಟರೆ ಉಳಿಯುತ್ತದಾ?

ಗಾರೆಲೆಕ್ಕ
ಸಾರುವೆ (ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಅಟ್ಟಣೆ) ಯಾವ ಕೆಲಸಕ್ಕೆಲ್ಲ ಬೇಕೋ ಅದನ್ನೆಲ್ಲ ಒಬ್ಬರಿಗೇ ಕೊಡಿ. ಗಾರೆಯವರು ಒಮ್ಮೆ, ಪೇಂಟರ್ ಇನ್ನೊಮ್ಮೆ ಸಾರುವೆ ಕಟ್ಟಿದರೆ ಎರಡು ಬಾಡಿಗೆ. ಜೊತೆಗೆ ನಾಳೆ ಬಣ್ಣ ಉಬ್ಬಿದರೆ ಪೇಂಟರ್ ಪ್ಲಾಸ್ಟರ್ ಕಡೆ ಕೈ ತೋರಿಸುತ್ತಾರೆ, ಗಾರೆಯವರು ಬಣ್ಣದ ಕಡೆ. ತಾರಸಿಯೂ ಅವರದೇ ಆಗಲಿ, ಗೋಡೆಗೆ ತೇವ ಇಳಿಯುವುದು ಬಹುಪಾಲು ಪ್ಯಾರಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಬುಡದಿಂದಲೇ. ಗೇಟು ಫ್ಯಾಬ್ರಿಕೇಟರ್‌ಗೆ, ಟೈಲ್ಸ್ ಬೇರೆಯವರಿಗೆ ಕೊಡಬಹುದು.

ಮೊದಲು ತಾರಸಿ. ಪ್ಯಾರಪೆಟ್ ಮೂಲೆಗೆ ಗಾರೆಯಿಂದ ಓರೆಯಾಗಿ ಏರು ಕೊಡಿಸಿ, ವಾಟರ್‌ಪ್ರೂಫಿಂಗ್ ಕೋಟಿಂಗ್ ಒಣಗಿದ ಮೇಲೆ ಮಳೆನೀರಿನ ಪೈಪ್ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ ನೋಡಿ. ಆಮೇಲೆ ಗೋಡೆ. ಪೂರ್ತಿ ಗೋಡೆಯನ್ನು ಸುತ್ತಿಗೆಯಿಂದ ತಟ್ಟಿಸಿ, ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಕೆತ್ತಿ ತೆಗೆಯಬೇಕು. ಪಿಲ್ಲರ್ ಮತ್ತು ಇಟ್ಟಿಗೆ ಸೇರುವ ಕಡೆಯ ಬಿರುಕಿಗೆ ಬರೀ ಗಾರೆ ತುಂಬಿದರೆ ಮತ್ತೆ ಬಿರುಕು ಬಿಡುತ್ತದೆ, ಮೆಶ್ (ಜಾಲರಿ) ಹಾಕಲೇಬೇಕು. ಹೊಸ ಪ್ಲಾಸ್ಟರ್‌ಗೆ 7 ದಿನ ಕ್ಯೂರಿಂಗ್ (ನೀರು ಹಾಕಿ ತೇವವಾಗಿಡುವುದು), ಬಣ್ಣಕ್ಕೆ 28 ದಿನ ಕಾಯಿರಿ. ಈ ಕಾಯುವಿಕೆಯೇ ಕಾಂಟ್ರ್ಯಾಕ್ಟರ್‌ಗಳಿಗೆ ಆಗದ್ದು. ಡಿಸೆಂಬರ್‌ನಲ್ಲಿ ಶುರುಮಾಡಿದರೆ ಮುಂಗಾರು ಪೂರ್ವ ಮಳೆಯೊಳಗೆ ಮುಗಿಯುತ್ತದೆ.

ಬ್ರಶ್_ಬಕೆಟ್
ಬಣ್ಣದ ಅಳತೆ ನೀವೇ ಹಾಕಿ. ಕಟ್ಟಡದ ಸುತ್ತಳತೆ 120 ಅಡಿ, ಪ್ಯಾರಪೆಟ್ ಸೇರಿ ಎತ್ತರ 23 ಅಡಿ ಅಂದರೆ 2760 ಚದರ ಅಡಿ. ಕಿಟಕಿ-ಬಾಗಿಲು ಕಳೆಯುತ್ತಾರೋ ಇಲ್ಲವೋ ಬರೆಸಿಕೊಳ್ಳಿ. ಎರಡು ಕೋಟ್‌ಗೆ ಲೀಟರ್‌ಗೆ ಸುಮಾರು 50-55 ಚದರ ಅಡಿ, ಅಂದರೆ ಹೆಚ್ಚುಕಡಿಮೆ 50 ಲೀಟರ್. 30 ಲೀಟರ್ ಸಾಕು ಎಂದವರು ನೀರು ಬೆರೆಸುವವರು. ಬಕೆಟ್ ಸೀಲ್ ನಿಮ್ಮೆದುರೇ ಒಡೆಯಲಿ. ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಹೊರಗೆ ಹಚ್ಚಿದರೆ ಮಳೆಗೆ ಮೆತ್ತಗಾಗಿ ಕಿತ್ತು ಬರುತ್ತದೆ.

ಮೈಸೂರು_30x40
ಹಾಗಾದರೆ 40%?

ಗಾರೆಲೆಕ್ಕ
ಬೇಡ. ಮುಂಗಡ 10-15%. ತಾರಸಿ ಪರೀಕ್ಷೆ ಮುಗಿದಾಗ, ಪ್ಲಾಸ್ಟರ್ ಆದಾಗ, ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಲೇಪ) ಆದಾಗ, ಹೀಗೆ ಹಂತಹಂತವಾಗಿ ಕೊಡಿ. ಕೊನೆಯ 5-10% ಮೊದಲ ಜೋರು ಮಳೆ ಹೋಗುವವರೆಗೆ ನಿಮ್ಮಲ್ಲೇ ಇರಲಿ. ಒಟ್ಟು ಮೊತ್ತಕ್ಕೆ ಒಪ್ಪದೆ ಪ್ರತಿ ಕೆಲಸಕ್ಕೂ ರೇಟು, ಸಾಮಗ್ರಿಯ ಬ್ರ್ಯಾಂಡ್, ಡೆಬ್ರಿಸ್ (ಕೆತ್ತಿ ತೆಗೆದ ಕಸ) ಸಾಗಿಸುವ ಖರ್ಚು ಯಾರದು ಅನ್ನುವುದನ್ನು ಬೇರೆ ಬೇರೆ ಬರೆಸಿ. ಪಕ್ಕದ ಸೈಟಿನಲ್ಲಿ ಸಾರುವೆ ನಿಲ್ಲಿಸಬೇಕಾದರೆ ಅವರನ್ನು ಈಗಲೇ ಕೇಳಿಡಿ.

ಲೆವೆಲ್_ಟ್ಯೂಬ್
ಗೇಟಿನ ಅಳತೆಯನ್ನು ಟೈಲ್ಸ್ ಲೆವೆಲ್ ಗುರುತಾದ ಮೇಲೇ ಕೊಡಿ. ಗಾರೆ ಮತ್ತು ಟೈಲ್ ಸೇರಿ ನೆಲ ಸುಮಾರು 2 ಇಂಚು ಏರುತ್ತದೆ, ಒಳಗೆ ತೆರೆಯುವ ಗೇಟು ಕೆಳಗೆ ಉಜ್ಜುತ್ತದೆ. ಸಂಪ್ ಮತ್ತು ಚೇಂಬರ್ ಮುಚ್ಚಳಗಳನ್ನೂ ಅಷ್ಟೇ ಎತ್ತರಿಸಬೇಕು, ಅದನ್ನು ರೇಟಿನಲ್ಲಿ ಸೇರಿಸಿ. ಪಾರ್ಕಿಂಗ್ ನೆಲದ ಇಳಿಜಾರು ರಸ್ತೆಯ ಕಡೆಗೆ, 8 ಅಡಿಗೆ 1 ಇಂಚಾದರೂ ಇರಲಿ.